ಸ್ಪರ್ಧೆಗೆ ಸ್ವಂತ ಅನುಭವದ ಪ್ರಬಂಧ: ಮುಂಬೈ ಕನ್ನಡದ ಹೈಸ್ಕೂಲು ಮಕ್ಕಳಿಗೊಂದು ಮಾರ್ಗದರ್ಶಿ

ಮುಂಬೈಯ ಕನ್ನಡ ಮನೆಗಳ ಮಕ್ಕಳ ಹತ್ತಿರ ಬರೆಯಲು ಬೇಕಾದಷ್ಟು ಸರಕಿದೆ. ಮನೆಯೊಳಗೆ ಕನ್ನಡ ಅಥವಾ ತುಳು. ಪಕ್ಕದ ಮನೆಯವರ ಜೊತೆ ಮರಾಠಿ, ಲೋಕಲ್ ಟ್ರೇನಿನಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ಮೇ ತಿಂಗಳು ಬಂತೆಂದರೆ ಮತ್ಸ್ಯಗಂಧ ರೈಲು ಹತ್ತಿ ಊರಿಗೆ ಹೋಗುವುದು, ಜೂನ್‌ನಲ್ಲಿ ಮಳೆಯ ಜೊತೆಗೇ ವಾಪಸು ಬರುವುದು. ಇಷ್ಟೆಲ್ಲ ಇದ್ದರೂ ಪ್ರಬಂಧ ಬರೆಯಿರಿ ಅಂದ ಕೂಡಲೇ ಈ ಮಕ್ಕಳು ‘ಮುಂಬೈ ಒಂದು ಕನಸಿನ ನಗರಿ’ ಅಂತ ಶುರು ಮಾಡುತ್ತಾರೆ. ಅವರ ಮನೆ, ಅವರ ಮಾತು, ಅವರ ಜನ ಆ ಪುಟದಲ್ಲಿ ಎಲ್ಲೂ ಕಾಣುವುದಿಲ್ಲ.

ನಾನು ನಮ್ಮ ಕಡೆಯ ಸಂಘದ ಸ್ಪರ್ಧೆಗಳಿಗೆ ಬರುವ ಪ್ರಬಂಧಗಳನ್ನು ಓದುತ್ತೇನೆ. ಎಂಟರಿಂದ ಹನ್ನೆರಡನೇ ತರಗತಿಯ ಮಕ್ಕಳು ಬರೆಯುವಾಗ ಅವರ ಜೊತೆ ಕೂರುತ್ತೇನೆ. ಇಷ್ಟು ಓದಿದ ಮೇಲೆ ನನಗೆ ಒಂದು ವಿಷಯದಲ್ಲಿ ಅನುಮಾನವೇ ಉಳಿದಿಲ್ಲ. ತೀರ್ಪುಗಾರರು ಎತ್ತಿ ಪಕ್ಕಕ್ಕಿಡುವ ಪ್ರಬಂಧ ಅಂದರೆ, ಅದನ್ನು ಬರೆದ ಮಗು ಬಿಟ್ಟು ಇನ್ಯಾರೂ ಬರೆಯಲಾಗದ ಪ್ರಬಂಧ. ಭಾಷೆ ಸ್ವಲ್ಪ ತೊದಲಿದರೂ ಪರವಾಗಿಲ್ಲ. ಅಂಥದ್ದನ್ನು ಬರೆಯುವುದು ಹೇಗೆ ಅಂತ ಒಂದೊಂದೇ ಹಂತವಾಗಿ ಹೇಳುತ್ತೇನೆ.

ಮೊದಲು ಸ್ಪರ್ಧೆ ಯಾವುದು ಅಂತ ನೋಡಿ

ಬರೆದು ಮುಗಿಸಿ ಆಮೇಲೆ ಸ್ಪರ್ಧೆ ಹುಡುಕುವವರು ಜಾಸ್ತಿ. ಹಾಗೆ ಮಾಡಿದರೆ ಪದಮಿತಿಗೆ ಹೊಂದಿಸಲು ಕೊನೆಗೆ ಒಳ್ಳೆಯ ಭಾಗವನ್ನೇ ಕತ್ತರಿಸಬೇಕಾಗುತ್ತದೆ. ವಯಸ್ಸು, ಭಾಷೆ, ಪದಮಿತಿ ಈ ಮೂರನ್ನು ಮೊದಲೇ ನೋಡಿಕೊಳ್ಳಿ.

ಸುಲಭವಾಗಿ ಕೈಗೆಟುಕುವುದು ಅಂಚೆ ಇಲಾಖೆಯ ‘ಢಾಯಿ ಆಖರ್’ ಪತ್ರ ಸ್ಪರ್ಧೆ. ಇದು 2017ರಿಂದ ನಡೆದು ಬಂದಿದೆ. 18 ವರ್ಷದವರೆಗಿನವರಿಗೆ ಬೇರೆ ವಿಭಾಗ ಇದೆ. ಕೈಯಲ್ಲೇ ಬರೆಯಬೇಕು. ಇನ್‌ಲ್ಯಾಂಡ್ ಲೆಟರ್ ಆದರೆ 500 ಪದ, ಕವರಿನಲ್ಲಿ ಎ4 ಹಾಳೆ ಆದರೆ 1000 ಪದ. ಅಂಚೆ ವೃತ್ತದ (ಹೆಚ್ಚುಕಡಿಮೆ ಒಂದು ರಾಜ್ಯದ) ಮಟ್ಟದ ಮೊದಲ ಬಹುಮಾನ 25,000 ರೂಪಾಯಿ, ರಾಷ್ಟ್ರ ಮಟ್ಟದ್ದು 50,000 ರೂಪಾಯಿ. ಇಂಗ್ಲಿಷ್, ಹಿಂದಿ ಅಥವಾ ಸ್ಥಳೀಯ ಭಾಷೆ ಅಂತ ನಿಯಮ ಇರುತ್ತದೆ. ನಮ್ಮದು ಮಹಾರಾಷ್ಟ್ರ ವೃತ್ತ. ಹಾಗಾಗಿ ಕನ್ನಡದಲ್ಲಿ ಬರೆಯುವವರು ಆ ವರ್ಷದ ಸುತ್ತೋಲೆಯನ್ನು ಅಂಚೆ ಕಚೇರಿಯಲ್ಲಿ ಕೇಳಿ ಓದಿಕೊಂಡೇ ಶುರು ಮಾಡಿ. ವಯಸ್ಸಿನ ದೃಢೀಕರಣದ ಸಾಲನ್ನು ಪತ್ರದ ಜೊತೆ ಬರೆಯುವುದನ್ನು ಮರೆಯಬೇಡಿ.

ವಿಶ್ವ ಅಂಚೆ ಒಕ್ಕೂಟದ ಪತ್ರ ಸ್ಪರ್ಧೆ 1971ರಿಂದ ನಡೆಯುತ್ತಿದೆ. ಇದು 9ರಿಂದ 15 ವರ್ಷದವರಿಗೆ, 800 ಪದದೊಳಗೆ. ನಮ್ಮಲ್ಲಿ ಅದರ ಮೊದಲ ಸುತ್ತನ್ನೂ ಅಂಚೆ ಇಲಾಖೆಯೇ ನಡೆಸುತ್ತದೆ. ಒಂದು ದೇಶದಿಂದ ಒಂದೇ ಪತ್ರ ಮುಂದಕ್ಕೆ ಹೋಗುತ್ತದೆ.

ಇಂಗ್ಲಿಷ್‌ನಲ್ಲಿ ಬರೆಯುವವರಿಗೆ ರಾಯಲ್ ಕಾಮನ್‌ವೆಲ್ತ್ ಸೊಸೈಟಿಯ ಕ್ವೀನ್ಸ್ ಕಾಮನ್‌ವೆಲ್ತ್ ಪ್ರಬಂಧ ಸ್ಪರ್ಧೆ ಇದೆ. ಅದರ ಇತಿಹಾಸ 1883ಕ್ಕೆ ಹೋಗುತ್ತದೆ. 14ರಿಂದ 18 ವರ್ಷದವರಿಗೆ 1500 ಪದ, ಅದಕ್ಕಿಂತ ಚಿಕ್ಕವರಿಗೆ 750 ಪದ. ಶುಲ್ಕವಿಲ್ಲ. ಪ್ರಬಂಧವೇ ಆಗಬೇಕೆಂದಿಲ್ಲ, ಪತ್ರ, ಕಥೆ, ಕವನ ಏನಾದರೂ ಆಗುತ್ತದೆ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಲರ್ನಿಂಗ್ ನೆಟ್‌ವರ್ಕ್ ಎಂಬ ಕಲಿಕೆಯ ವಿಭಾಗ 2019ರಲ್ಲಿ ಹದಿಹರೆಯದವರಿಗೆ ಸ್ವಂತ ಅನುಭವದ ಬರಹದ ಸ್ಪರ್ಧೆ ಶುರು ಮಾಡಿತು. ಆಗ ಮಿತಿ 600 ಪದ. 2022ರಲ್ಲಿ ಅದೇ ಸ್ಪರ್ಧೆಯನ್ನು 100 ಪದಕ್ಕೆ ಇಳಿಸಿದರು. ಆ ವರ್ಷದ ಬರಹಗಳನ್ನು ಹುಡುಕಿ ಓದಿ. 100 ಪದದಲ್ಲಿ ಎಷ್ಟು ಹೇಳಬಹುದು ಅಂತ ಗೊತ್ತಾಗುತ್ತದೆ.

ಅಮೆರಿಕದ ಸ್ಕಾಲಸ್ಟಿಕ್ ಆರ್ಟ್ ಅಂಡ್ ರೈಟಿಂಗ್ ಅವಾರ್ಡ್ಸ್ ಹೆಸರು ಕೇಳಿರಬಹುದು. ಅದು 1923ರಷ್ಟು ಹಳೆಯದು. 7ರಿಂದ 12ನೇ ತರಗತಿಯವರಿಗೆ ಇರುವ ಆ ಪ್ರಶಸ್ತಿಯಲ್ಲಿ ಸ್ವಂತ ಅನುಭವದ ಪ್ರಬಂಧಕ್ಕೇ ಒಂದು ವಿಭಾಗ ಇದೆ. ಮೊದಲು ಪ್ರಾದೇಶಿಕ ಮಟ್ಟದಲ್ಲಿ ಗೋಲ್ಡ್ ಕೀ, ಸಿಲ್ವರ್ ಕೀ, ಆಮೇಲೆ ರಾಷ್ಟ್ರ ಮಟ್ಟದಲ್ಲಿ ಪದಕ. ಮುಖ್ಯವಾಗಿ ಅಮೆರಿಕ, ಕೆನಡಾದ ಮಕ್ಕಳಿಗೆ ಇರುವಂಥದ್ದು, ಮುಂಬೈಯ ಸಾಮಾನ್ಯ ಶಾಲೆಯ ಮಕ್ಕಳಿಗೆ ಪ್ರವೇಶವಿಲ್ಲ. ಆದರೂ ಅದರ ಬಗ್ಗೆ ಹೇಳಲು ಕಾರಣ ಇದೆ. ಅಲ್ಲಿ ತೀರ್ಪುಗಾರರು ನೋಡುವುದು ಮೂರೇ ಸಂಗತಿ: ಹೊಸತನ, ಬರವಣಿಗೆಯ ಕೌಶಲ, ಬರೆದವರ ಸ್ವಂತ ದನಿ. ಕೈಬರಹದ ಅಂದ, ಗಾದೆ, ಸುಭಾಷಿತ, ದೊಡ್ಡವರ ಮಾತಿನ ಉಲ್ಲೇಖ ಯಾವುದೂ ಆ ಪಟ್ಟಿಯಲ್ಲಿಲ್ಲ. ನಮ್ಮ ಶಾಲೆಗಳಲ್ಲಿ ಪ್ರಬಂಧಕ್ಕೆ ಅಂಕ ಬರುವುದೇ ಅವುಗಳಿಂದ, ಅಲ್ವಾ? ಪರೀಕ್ಷೆಯ ಪ್ರಬಂಧ ಬೇರೆ, ಇದು ಬೇರೆ. ಹತ್ತನೇ ತರಗತಿಯ ಭಾಷಾ ಪತ್ರಿಕೆಗೆ ಕಲಿತದ್ದನ್ನು ಇಲ್ಲಿಗೆ ತಂದರೆ ಕೆಲಸ ಕೆಡುತ್ತದೆ.

ಮಾಟುಂಗ, ಡೊಂಬಿವಲಿ, ಥಾಣೆ ಕಡೆಯ ಕನ್ನಡ ಸಂಘಗಳು, ಜಾತಿ ಸಂಘಗಳು, ನಗರದ ಕನ್ನಡ ಪತ್ರಿಕೆಗಳು ಕೂಡ ಮಕ್ಕಳಿಗೆ ಸ್ಪರ್ಧೆ ನಡೆಸುತ್ತವೆ. ಬಹುಮಾನ ಚಿಕ್ಕದಿರಬಹುದು. ಆದರೆ ನಿಮ್ಮ ಮನೆಯ ಮಾತನ್ನು ವಿವರಣೆ ಇಲ್ಲದೆ ಅರ್ಥ ಮಾಡಿಕೊಳ್ಳುವ ಓದುಗರು ಇರುವುದು ಅಲ್ಲೇ. ಮೊದಲ ಪ್ರಬಂಧ ಅಲ್ಲಿಗೆ ಕಳಿಸಿ ಅಂತ ನಾನು ಎಲ್ಲ ಮಕ್ಕಳಿಗೂ ಹೇಳುತ್ತೇನೆ.

ವಿಷಯ: ಒಂದು ದಿನಕ್ಕಿಂತ ದೊಡ್ಡದು ಬೇಡ

‘ನನ್ನ ಬಾಲ್ಯ’, ‘ನನ್ನ ಅಜ್ಜಿ’, ‘ನಮ್ಮ ಊರು’ ಇವೆಲ್ಲ 600 ಪದಕ್ಕೆ ತೀರಾ ದೊಡ್ಡವು. ಅಜ್ಜಿಯ ಬಗ್ಗೆ ಬರೆಯಬೇಕೆಂದರೆ ಅಜ್ಜಿ ಮೊದಲ ಸಲ ಎಸ್ಕಲೇಟರ್ ಮುಂದೆ ನಿಂತ ಐದು ನಿಮಿಷದ ಬಗ್ಗೆ ಬರೆಯಿರಿ. ಒಂದು ಮಧ್ಯಾಹ್ನ, ಒಂದು ಫೋನ್ ಕರೆ, ಒಂದು ರೈಲು ಪ್ರಯಾಣ ಸಾಕು.

ಹುಡುಕುವುದು ಹೇಗೆ? ಒಂದು ವಾರ ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಳ್ಳಿ. ದಿನಕ್ಕೆ ಒಂದು ಪ್ರಶ್ನೆಗೆ ಉತ್ತರ ಬರೆಯಿರಿ, ನಾಲ್ಕೈದು ಸಾಲು ಸಾಕು. ಪ್ರಶ್ನೆಗಳು ಹೀಗಿರಲಿ: ಯಾವ ವಿಷಯಕ್ಕೆ ನಿಮಗೆ ಮನೆಯವರ ಬಗ್ಗೆ ನಾಚಿಕೆ ಆಗಿತ್ತು? ಯಾರ ಮುಂದೆ ನೀವು ಭಾಷೆ ಬದಲಾಯಿಸುತ್ತೀರಿ? ಮನೆಯಲ್ಲಿ ಯಾರೂ ಎಸೆಯಲು ಬಿಡದ ವಸ್ತು ಯಾವುದು? ಯಾವ ಪ್ರಶ್ನೆ ಕೇಳಿದರೆ ಅಪ್ಪ ಮಾತು ತಿರುಗಿಸುತ್ತಾರೆ? ಊರಿಗೆ ಹೋದಾಗ ‘ಬೊಂಬಾಯಿಯವರು ಬಂದರು’ ಅಂದರೆ ನಿಮಗೆ ಏನನಿಸುತ್ತದೆ? ಇಲ್ಲಿ ಯಾರಾದರೂ ‘ನೀವು ಮದ್ರಾಸಿಗಳಾ’ ಅಂದರೆ?

ವಾರ ಕಳೆದ ಮೇಲೆ ಓದಿ. ಯಾವ ಉತ್ತರ ಬರೆಯುವಾಗ ನಾಲ್ಕು ಸಾಲಿಗೆ ನಿಲ್ಲಿಸಲು ಆಗಲಿಲ್ಲವೋ ಅದೇ ನಿಮ್ಮ ವಿಷಯ. ಯಾವುದನ್ನು ಬರೆಯಲು ಹಿಂಜರಿದಿರೋ ಅದೂ ಆಗಬಹುದು.

ಇಲ್ಲಿ ಎರಡು ಎಚ್ಚರಿಕೆ. ಮಳೆ ಅಂದ ಕೂಡಲೇ ಮಕ್ಕಳು 2005ರ ಜುಲೈ 26ರ ನೆರೆ ಬರೆಯುತ್ತಾರೆ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರ್ ಮಳೆ ಬಿದ್ದ ದಿನ ಅದು. ಈಗ ಹೈಸ್ಕೂಲಿನಲ್ಲಿರುವವರು ಆಗ ಹುಟ್ಟಿಯೇ ಇರಲಿಲ್ಲ. ಅದು ಅಪ್ಪನ ಕಥೆ. ಅಪ್ಪ ಪ್ರತಿ ವರ್ಷ ಜುಲೈ ಬಂದಾಗ ಆ ಕಥೆಯನ್ನು ಹೇಗೆ ಹೇಳುತ್ತಾರೆ, ಯಾವ ಭಾಗವನ್ನು ಹೇಳದೆ ಬಿಡುತ್ತಾರೆ, ಅಮ್ಮ ಆಗ ಎದ್ದು ಒಳಗೆ ಹೋಗುತ್ತಾರಾ, ಇದನ್ನು ಬರೆದರೆ ಅದು ನಿಮ್ಮದಾಗುತ್ತದೆ.

ಎರಡನೆಯದು, ದುಃಖ ಇದ್ದರೆ ಮಾತ್ರ ಬಹುಮಾನ ಬರುತ್ತದೆ ಎಂಬ ನಂಬಿಕೆ. ಇದು ಮಕ್ಕಳಲ್ಲಿ ತುಂಬಾ ಗಟ್ಟಿಯಾಗಿ ಕೂತಿದೆ. ಇಲ್ಲದ ಬಡತನ ಸೇರಿಸುವುದು, ಬದುಕಿರುವ ಅಜ್ಜನನ್ನು ಪ್ರಬಂಧದಲ್ಲಿ ಸಾಯಿಸುವುದು, ಸಣ್ಣ ಜ್ವರವನ್ನು ದೊಡ್ಡ ಕಾಯಿಲೆ ಮಾಡುವುದು ದಯವಿಟ್ಟು ಬೇಡ. ಕೆಲವು ಸ್ಪರ್ಧೆಗಳ ನಿಯಮದಲ್ಲೇ ಅನುಭವ ನಿಜವಾಗಿರಬೇಕು ಅಂತ ಇರುತ್ತದೆ. ನಿಯಮ ಇಲ್ಲದಿದ್ದರೂ ಓದುವವರಿಗೆ ತಿಳಿಯುತ್ತದೆ. ಕಟ್ಟಿದ ದುಃಖದಲ್ಲಿ ವಿವರ ಇರುವುದಿಲ್ಲ, ಬರೀ ಕಣ್ಣೀರು ಇರುತ್ತದೆ. ಖುಷಿ, ಹೊಟ್ಟೆಕಿಚ್ಚು, ಬೇಜಾರು, ಗೊಂದಲ ಇವುಗಳ ಬಗ್ಗೆ ಬರೆದ ಎಷ್ಟೋ ಒಳ್ಳೆಯ ಪ್ರಬಂಧಗಳನ್ನು ನಾನು ಓದಿದ್ದೇನೆ.

ಮೊದಲು ಬಾಯಲ್ಲಿ ಹೇಳಿ

ನಮ್ಮ ಮಕ್ಕಳಲ್ಲಿ ಅನೇಕರಿಗೆ ಕನ್ನಡ ಮಾತಾಡಲು ಬರುತ್ತದೆ, ಬರೆಯಲು ಬರುವುದಿಲ್ಲ. ಇಂಗ್ಲಿಷ್ ಬರೆಯಲು ಬರುತ್ತದೆ, ಆದರೆ ಮನೆಯಲ್ಲಿ ನಡೆದದ್ದು ಇಂಗ್ಲಿಷ್‌ನಲ್ಲಿ ನಡೆದಿರುವುದಿಲ್ಲ. ನೇರವಾಗಿ ಇಂಗ್ಲಿಷ್‌ನಲ್ಲಿ ಕೂತು ಬರೆದರೆ ಅಮ್ಮನೂ ಪಠ್ಯಪುಸ್ತಕದ ಅಮ್ಮನ ಹಾಗೆ ಮಾತಾಡಲು ಶುರು ಮಾಡುತ್ತಾರೆ.

ಹಾಗಾಗಿ ಫೋನಿನಲ್ಲಿ ರೆಕಾರ್ಡ್ ಮಾಡಿ. ಘಟನೆ ಯಾವ ಭಾಷೆಯಲ್ಲಿ ನಡೆಯಿತೋ ಅದೇ ಭಾಷೆಯಲ್ಲಿ ನಿಮ್ಮ ಗೆಳತಿಗೋ ಅಣ್ಣನಿಗೋ ಹೇಳುವ ಹಾಗೆ ಹೇಳಿ. ಎರಡು ದಿನ ಬಿಟ್ಟು ಕೇಳಿ. ಎಲ್ಲಿ ನಿಮ್ಮ ದನಿ ಬದಲಾಗುತ್ತದೆ, ಎಲ್ಲಿ ‘ಅದೂ...’ ಅಂತ ತಡೆಯುತ್ತೀರಿ ಅನ್ನುವುದನ್ನು ಗುರುತು ಮಾಡಿಕೊಳ್ಳಿ. ಪ್ರಬಂಧದ ನಡುಭಾಗ ಅಲ್ಲಿದೆ. ಎಲ್ಲಿಂದ ಶುರು ಮಾಡಿದಿರಿ ಅಂತಲೂ ನೋಡಿ. ಬಾಯಲ್ಲಿ ಹೇಳುವಾಗ ಯಾರೂ ‘ಅನಾದಿ ಕಾಲದಿಂದಲೂ’ ಅಂತ ಶುರು ಮಾಡುವುದಿಲ್ಲ. ‘ಅವತ್ತು ಏನಾಯ್ತು ಗೊತ್ತಾ’ ಅಂತ ನೇರ ಒಳಗೇ ಹೋಗುತ್ತಾರೆ. ಬರೆಯುವಾಗಲೂ ಅಲ್ಲಿಂದಲೇ ಹೋಗಿ.

ಕನ್ನಡದಲ್ಲಿ ಕರಡು ಮಾಡಿ ಇಂಗ್ಲಿಷ್‌ಗೆ ತರುವವರು ಒಂದು ಲೆಕ್ಕ ನೆನಪಿಡಿ. ನಮ್ಮ ಒಂದು ಪದದಲ್ಲಿ ಹಿಡಿಯುವುದು ಕೆಲವೊಮ್ಮೆ ಇಂಗ್ಲಿಷ್‌ನಲ್ಲಿ ಎರಡು ಮೂರು ಪದವಾಗುತ್ತದೆ. 600 ಪದದ ಸ್ಪರ್ಧೆಗೆ ಕನ್ನಡದಲ್ಲಿ 400 ಚಿಲ್ಲರೆ ಪದ ಸಾಕು. ಮತ್ತೆ ಸಾಲಿಗೆ ಸಾಲು ಅನುವಾದ ಮಾಡಬೇಡಿ. ಕರಡನ್ನು ಮುಚ್ಚಿಟ್ಟು ಇಂಗ್ಲಿಷ್‌ನಲ್ಲಿ ಹೊಸದಾಗಿ ಹೇಳಿ.

ಮೊದಲ ಕರಡು: ಕಂಡದ್ದನ್ನು ಬರೆಯಿರಿ

ಇಲ್ಲಿ ಒಂದು ಉದಾಹರಣೆ ಕೊಡುತ್ತೇನೆ. ಎರಡೂ ಮಾದರಿ ನಾನೇ ಬರೆದದ್ದು, ಯಾವ ಮಗುವಿನದ್ದೂ ಅಲ್ಲ. ಅಪ್ಪ ಘಾಟ್ಕೋಪರ್‌ನ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾರೆ, ಮನೆ ಡೊಂಬಿವಲಿಯಲ್ಲಿ ಅಂತ ಇಟ್ಟುಕೊಳ್ಳಿ. ಸಾಮಾನ್ಯವಾಗಿ ಬರುವ ಪ್ರಬಂಧ ಹೀಗಿರುತ್ತದೆ:

‘ನನ್ನ ತಂದೆಯವರು ನನಗೆ ದೇವರ ಸಮಾನ. ಅವರು ಹಗಲಿರುಳು ಬೆವರು ಸುರಿಸಿ ದುಡಿದು ನಮ್ಮನ್ನು ಸಾಕುತ್ತಿದ್ದಾರೆ. ಎಷ್ಟೇ ಕಷ್ಟ ಬಂದರೂ ಅವರ ಮುಖದಲ್ಲಿ ನಗು ಮಾಸುವುದಿಲ್ಲ. ಅವರೇ ನನ್ನ ಜೀವನದ ಸ್ಫೂರ್ತಿ.’

ಇದರಲ್ಲಿ ಸುಳ್ಳೇನೂ ಇಲ್ಲ. ಪ್ರೀತಿಯೂ ನಿಜ. ಆದರೆ ಈ ನಾಲ್ಕು ಸಾಲನ್ನು ವಾಶಿಯ ಇನ್ನೊಂದು ಮಗುವಿನ ಹೆಸರಿನಲ್ಲಿ ಕಳಿಸಿದರೂ ಯಾರಿಗೂ ತಿಳಿಯುವುದಿಲ್ಲ. ಈಗ ಇದನ್ನು ಓದಿ:

‘ಅಪ್ಪ ಮನೆಗೆ ಬರುವುದು ರಾತ್ರಿ ಹನ್ನೆರಡೂವರೆಗೆ. ಬಂದವರೇ ಕೈ ತೊಳೆಯುತ್ತಾರೆ, ಮೂಸುತ್ತಾರೆ, ಮತ್ತೆ ತೊಳೆಯುತ್ತಾರೆ. ಈರುಳ್ಳಿ ವಾಸನೆ ಹೋಗಿರುವುದಿಲ್ಲ. ನನ್ನ ಗಣಿತದ ನೋಟ್‌ಬುಕ್ ಮೇಜಿನ ಮೇಲೆ ತೆರೆದಿದ್ದರೆ ಮೊಣಕೈಯಿಂದ ಪುಟ ತಿರುಗಿಸುತ್ತಾರೆ. ಲೆಕ್ಕ ಅವರಿಗೆ ಅರ್ಥವಾಗುವುದಿಲ್ಲ. ಕೆಂಪು ಶಾಯಿ ಎಷ್ಟಿದೆ ಅಂತ ನೋಡುತ್ತಾರೆ. ಹೋದ ವರ್ಷದ ತನಕ ಅವರು ಬರುವ ಹೊತ್ತಿಗೆ ನಾನು ನೋಟ್‌ಬುಕ್ ಮುಚ್ಚಿಡುತ್ತಿದ್ದೆ.’

ಇಲ್ಲಿ ‘ಕಷ್ಟ’ ಅನ್ನುವ ಪದ ಇಲ್ಲ, ‘ಪ್ರೀತಿ’ ಅನ್ನುವ ಪದವೂ ಇಲ್ಲ. ಮೊಣಕೈಯಿಂದ ಪುಟ ತಿರುಗಿಸುವ ಮನುಷ್ಯ ಕಣ್ಣಿಗೆ ಕಾಣುತ್ತಾನೆ. ಕೊನೆಯ ಸಾಲಿನಲ್ಲಿ ಒಂದು ಪ್ರಶ್ನೆ ಎದ್ದಿದೆ: ಯಾಕೆ ಮುಚ್ಚಿಡುತ್ತಿದ್ದೆ? ಓದುವವರು ಮುಂದಕ್ಕೆ ಹೋಗುವುದೇ ಆ ಪ್ರಶ್ನೆಗಾಗಿ.

ಇಂಥ ವಿವರ ಎಲ್ಲಿಂದ ಬರುತ್ತದೆ? ನೋಡುವುದರಿಂದ. ಬರೆಯುವ ಮೊದಲು ಆ ಜಾಗಕ್ಕೆ ಇನ್ನೊಮ್ಮೆ ಹೋಗಿ, ಆ ವಸ್ತುವನ್ನು ಕೈಗೆತ್ತಿಕೊಳ್ಳಿ. ಅಮ್ಮನ ಟ್ರಂಕ್ ಬಗ್ಗೆ ಬರೆಯುವುದಾದರೆ ಅದನ್ನು ತೆರೆಯಿರಿ, ವಾಸನೆ ನೋಡಿ, ತಳದಲ್ಲಿ ಹಾಸಿದ ಹಳೇ ಪೇಪರ್ ಯಾವ ವರ್ಷದ್ದು ಅಂತ ಓದಿ. ನೆನಪಿನಿಂದ ಬರೆದರೆ ‘ಹಳೆಯ ಟ್ರಂಕ್’ ಅಂತ ಮಾತ್ರ ಬರುತ್ತದೆ. ಬೀಗ ಕೆಟ್ಟು ಸೀರೆಯ ಅಂಚಿನಿಂದ ಕಟ್ಟಿದ್ದಾರೆ ಎಂಬುದು ಹೋಗಿ ನೋಡಿದಾಗ ಮಾತ್ರ ಕಾಣುತ್ತದೆ.

ಆಗಿನ ನೀವು, ಈಗಿನ ನೀವು

ಎಲ್ಲಕ್ಕಿಂತ ಕಷ್ಟದ ಹಂತ ಇದು. ಹೆಚ್ಚಿನ ಮಕ್ಕಳು ಘಟನೆಯನ್ನು ಚೆನ್ನಾಗಿ ಹೇಳುತ್ತಾರೆ, ಆಮೇಲೆ ‘ಇದರಿಂದ ನಾನು ಕಲಿತ ಪಾಠವೇನೆಂದರೆ’ ಅಂತ ಮುಗಿಸಿಬಿಡುತ್ತಾರೆ. ತೀರ್ಪುಗಾರರಿಗೆ ಬೇಕಾದದ್ದು ಪಾಠವಲ್ಲ, ನಿಮ್ಮ ಯೋಚನೆ. ಯೋಚನೆ ಅಂದರೆ ಒಂದು ವಿಷಯವನ್ನು ಆಗ ಒಂದು ರೀತಿ ತಿಳಿದಿದ್ದಿರಿ, ಈಗ ಇನ್ನೊಂದು ರೀತಿ ಕಾಣುತ್ತಿದೆ. ಆ ಎರಡರ ನಡುವೆ ಏನಾಯಿತು ಅನ್ನುವುದನ್ನು ಪುಟದ ಮೇಲೆ ತೋರಿಸುವುದು.

ಮೂರು ಪ್ರಶ್ನೆಗೆ ಉತ್ತರ ಬರೆಯಿರಿ, ಬೇರೆ ಹಾಳೆಯಲ್ಲಿ. ಆಗ ನಾನು ಏನು ಅಂದುಕೊಂಡಿದ್ದೆ? ಈಗ ಏನು ಅನಿಸುತ್ತದೆ? ಇನ್ನೂ ಅರ್ಥವಾಗದ್ದು ಏನು? ಮೂರನೆಯದನ್ನು ಬಿಡಬೇಡಿ. ಹದಿನೈದು ವರ್ಷದವರಿಗೆ ಎಲ್ಲವೂ ಅರ್ಥವಾಗಿರಬೇಕು ಅಂತ ಯಾರೂ ಕೇಳುವುದಿಲ್ಲ.

ನೋಟ್‌ಬುಕ್ ಉದಾಹರಣೆಯನ್ನೇ ಮುಂದುವರಿಸಿದರೆ: ‘ಈರುಳ್ಳಿ ವಾಸನೆಗೆ ನಾಚಿ ಮುಚ್ಚಿಡುತ್ತಿದ್ದೇನೆ ಅಂತ ಆಗ ಅಂದುಕೊಂಡಿದ್ದೆ. ಈಗ ಹಾಗನಿಸುವುದಿಲ್ಲ. ಕೆಂಪು ಶಾಯಿ ನೋಡಿ ಅಪ್ಪ ಏನೂ ಅನ್ನುತ್ತಿರಲಿಲ್ಲ. ಬೈದಿದ್ದರೆ ನಾನು ವಾದ ಮಾಡಬಹುದಿತ್ತು.’ ನಾಲ್ಕೇ ಸಾಲು. ಆದರೆ ಒಂದು ಮಗು ತನ್ನ ಮನಸ್ಸನ್ನು ತಾನೇ ತೆರೆದು ನೋಡುತ್ತಿದೆ. ಇಂಥ ಜಾಗ ಪ್ರಬಂಧದಲ್ಲಿ ಎರಡು ಸಿಕ್ಕರೆ ಸಾಕು, ಉಳಿದದ್ದೆಲ್ಲ ಘಟನೆಯೇ ಇರಲಿ. ಯೋಚನೆಯನ್ನು ಪೂರ್ತಿ ಕೊನೆಗೆ ತಳ್ಳಬೇಡಿ. ನಡುವೆಯೇ ಬರಲಿ.

ಮುಕ್ತಾಯ ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಮೊದಲ ಕರಡಿನ ಕೊನೆಯ ಪ್ಯಾರಾವನ್ನು ಕೈಯಿಂದ ಮುಚ್ಚಿ ಓದಿ ನೋಡಿ. ಹೆಚ್ಚಿನ ಸಲ ಅದಕ್ಕಿಂತ ಮೊದಲಿನ ಪ್ಯಾರಾದಲ್ಲೇ ಪ್ರಬಂಧ ಮುಗಿದಿರುತ್ತದೆ.

ಐದು ಭಾಷೆಯ ಮನೆ, ಒಂದು ಭಾಷೆಯ ಪುಟ

ಅಜ್ಜಿ ತುಳುವಿನಲ್ಲಿ ಬೈದರು, ವಾಚ್‌ಮನ್ ಹಿಂದಿಯಲ್ಲಿ ಸಮಾಧಾನ ಹೇಳಿದ, ನೀವು ಮರಾಠಿಯಲ್ಲಿ ಪೊಲೀಸರಿಗೆ ಉತ್ತರ ಕೊಟ್ಟಿರಿ. ಎಲ್ಲವನ್ನೂ ಒಂದೇ ಶುದ್ಧ ಕನ್ನಡಕ್ಕೋ ಇಂಗ್ಲಿಷ್‌ಗೋ ತಂದುಬಿಟ್ಟರೆ ಮೂವರೂ ಒಂದೇ ದನಿಯಲ್ಲಿ ಮಾತಾಡುತ್ತಾರೆ. ಒಬ್ಬೊಬ್ಬರ ಒಂದು ಮುಖ್ಯ ಮಾತನ್ನು ಅವರದೇ ಭಾಷೆಯಲ್ಲಿ ಬಿಡಿ. ಅದರ ಅರ್ಥ ಎದುರಿನವರು ಏನು ಮಾಡಿದರು ಅನ್ನುವುದರಿಂದ ತಿಳಿಯಲಿ. ಕನ್ನಡದ ಸ್ಪರ್ಧೆಗೆ ಖೋಲಿ, ಚಾಳ್, ಡಬ್ಬಾ, ಭಾಡಾ ಇಂಥ ಮರಾಠಿ, ಹಿಂದಿ ಮಾತುಗಳನ್ನೆಲ್ಲ ಧೈರ್ಯವಾಗಿ ಬರೆಯಿರಿ, ನಮ್ಮ ಮುಂಬೈ ಕನ್ನಡದಲ್ಲಿ ಅವು ಇದ್ದೇ ಇವೆ. ದಕ್ಷಿಣ ಕನ್ನಡದ ಮನೆಯವರು ಅಲ್ಲಿಯ ಕನ್ನಡ ಬರೆಯಿರಿ, ಧಾರವಾಡದವರು ಧಾರವಾಡದ್ದು ಬರೆಯಿರಿ. ‘ಗ್ರಂಥದ ಭಾಷೆ’ಗೆ ತಿದ್ದಿಸಬೇಡಿ. ಆದರೆ ಇಡೀ ಸಂಭಾಷಣೆಯನ್ನು ಬೇರೆ ಭಾಷೆಯಲ್ಲಿ ಇಟ್ಟರೆ ಓದುವವರು ಹೊರಗೆ ಉಳಿಯುತ್ತಾರೆ. ಒಂದೋ ಎರಡೋ ಸಾಲು ಸಾಕು.

ಮನೆಯವರ ಗುಟ್ಟು

ಸ್ವಂತ ಅನುಭವ ಅಂದರೆ ಅದರಲ್ಲಿ ಬೇರೆಯವರೂ ಇರುತ್ತಾರೆ. ಅಪ್ಪನ ಸಾಲ, ಅಕ್ಕನ ಮದುವೆ ಮುರಿದದ್ದು, ಮಾವನ ಕುಡಿತ, ಅಜ್ಜಿಯ ಮರೆವು. ಪ್ರಬಂಧ ಗೆದ್ದರೆ ಅದು ಅಚ್ಚಾಗುತ್ತದೆ, ಹೌಸಿಂಗ್ ಸೊಸೈಟಿಯ ವಾಟ್ಸಾಪ್ ಗುಂಪಿಗೆ ಬರುತ್ತದೆ, ಊರಿಗೂ ತಲುಪುತ್ತದೆ.

ಬರೆಯುವಾಗ ಎಲ್ಲವನ್ನೂ ಬರೆಯಿರಿ. ಕಳಿಸುವ ಮೊದಲು, ಯಾರ ಬಗ್ಗೆ ಬರೆದಿದ್ದೀರೋ ಅವರಿಗೆ ಓದಿ ಹೇಳಿ. ಕನ್ನಡ ಮಾತ್ರ ಬರುವ ಅಜ್ಜಿಗೆ ಇಂಗ್ಲಿಷ್ ಪ್ರಬಂಧವನ್ನು ಕನ್ನಡದಲ್ಲಿ ಹೇಳಿ. ಅವರು ಬೇಡ ಅಂದ ಭಾಗವನ್ನು ತೆಗೆಯಿರಿ. ಬಹುಮಾನ ತಪ್ಪಿದರೂ ಸರಿ, ಇದರಲ್ಲಿ ನಾನು ರಾಜಿ ಒಪ್ಪುವುದಿಲ್ಲ. ಎಷ್ಟೋ ಸಲ ಓದಿ ಹೇಳಿದಾಗ ಅವರು ‘ಹಾಗಲ್ಲ ಮಗಾ, ಅವತ್ತು ನಡೆದದ್ದು ಬೇರೆ’ ಅಂತ ಶುರು ಮಾಡುತ್ತಾರೆ. ಆಗ ಪೆನ್ನು ಕೈಯಲ್ಲಿರಲಿ. ಹೆಸರು, ಕಟ್ಟಡ, ಅಂಗಡಿ ಬದಲಾಯಿಸುವುದು ತಪ್ಪಲ್ಲ, ನಡೆದದ್ದನ್ನು ಬದಲಾಯಿಸಬೇಡಿ. ಇನ್ನೊಂದು ಮಾತು. ಯಾರಾದರೂ ನಿಮಗೆ ತೊಂದರೆ ಕೊಟ್ಟ ವಿಷಯ ಬರೆಯುತ್ತಿದ್ದರೆ, ಸ್ಪರ್ಧೆಗೆ ಕಳಿಸುವ ಮೊದಲು ನಂಬಿಕೆಯ ದೊಡ್ಡವರೊಬ್ಬರಿಗೆ ಹೇಳಿ. ಅದು ಪ್ರಬಂಧಕ್ಕಿಂತ ಮುಖ್ಯ.

ತಿದ್ದುವುದು

ಕರಡನ್ನು ಒಂದು ವಾರ ಮುಚ್ಚಿಡಿ. ಆಮೇಲೆ ಜೋರಾಗಿ ಓದಿ. ನಾಲಿಗೆ ತಡವರಿಸಿದ ಸಾಲಿಗೆ ಗೆರೆ ಎಳೆಯಿರಿ. ನಿಮ್ಮ ಬಾಯಲ್ಲಿ ಎಂದೂ ಬರದ ಪದಕ್ಕೂ ಗೆರೆ ಎಳೆಯಿರಿ. ‘ತುಂಬಾ’, ‘ಅತ್ಯಂತ’, ‘ನಿಜಕ್ಕೂ’ ಇವನ್ನು ತೆಗೆದು ನೋಡಿ, ಸಾಲು ಗಟ್ಟಿಯಾಗುತ್ತದೆ. ಗಾದೆ ಇದ್ದರೆ ತೆಗೆಯಿರಿ, ಆದರೆ ಆ ಗಾದೆಯನ್ನು ಅಜ್ಜಿಯೇ ಆ ಹೊತ್ತಿನಲ್ಲಿ ಹೇಳಿದ್ದರೆ ಇರಲಿ. ಕೊನೆಗೆ ಕಾಗುಣಿತ, ಒತ್ತಕ್ಷರ.

ಎಐ ಬಗ್ಗೆ ಮಕ್ಕಳು ಕೇಳುತ್ತಲೇ ಇರುತ್ತಾರೆ. ಸ್ಕಾಲಸ್ಟಿಕ್ ಸೇರಿದಂತೆ ಈಗಿನ ಹಲವು ಸ್ಪರ್ಧೆಗಳಲ್ಲಿ ಎಐ ಬರೆದದ್ದು ನಡೆಯುವುದಿಲ್ಲ, ಸಿಕ್ಕಿಬಿದ್ದರೆ ಹೊರಗೆ. ನಿಯಮ ಹಾಗಿರಲಿ, ನಿಮ್ಮ ಅಪ್ಪ ಮೊಣಕೈಯಿಂದ ಪುಟ ತಿರುಗಿಸುತ್ತಾರೆ ಅನ್ನುವುದು ಅದಕ್ಕೆ ಗೊತ್ತಿಲ್ಲ. ಅದು ಕೊಡುವುದು ‘ದೇವರ ಸಮಾನ’ದ ಪ್ರಬಂಧವನ್ನೇ, ಸ್ವಲ್ಪ ನುಣುಪಾಗಿ.

ಅಪ್ಪ ಅಮ್ಮಂದಿರಿಗೆ, ಟೀಚರುಗಳಿಗೆ

ದಯವಿಟ್ಟು ಪೆನ್ನು ಕೆಳಗಿಡಿ. ಮಗು ‘ಅಪ್ಪನ ಕೈ ಈರುಳ್ಳಿ ವಾಸನೆ’ ಅಂತ ಬರೆದಾಗ ಮನೆಯವರಿಗೆ ಮುಜುಗರ ಆಗುತ್ತದೆ, ಅದನ್ನು ಹೊಡೆದು ‘ನನ್ನ ತಂದೆ ಹೋಟೆಲ್ ಉದ್ಯಮದಲ್ಲಿದ್ದಾರೆ’ ಅಂತ ಬರೆಸುತ್ತಾರೆ. ನನಗೆ ಬಹಳ ಸಂಕಟ ಆಗುವುದು ಇಂಥ ಕಡೆ. ದೊಡ್ಡವರು ತಿದ್ದಿದ ಸಾಲು ಪುಟದಲ್ಲಿ ಹದಿನೈದು ವರ್ಷದವರ ಬಟ್ಟೆಗೆ ಹಾಕಿದ ತೇಪೆಯ ಹಾಗೆ ಕಾಣುತ್ತದೆ. ತೀರ್ಪು ಕೊಡುವವರು ಅಲ್ಲಿಗೇ ನಿಲ್ಲುತ್ತಾರೆ.

ನೀವು ಮಾಡಬಹುದಾದದ್ದು ಕೇಳುವುದು. ‘ಆಗ ನೀನು ಎಲ್ಲಿ ನಿಂತಿದ್ದೆ?’ ‘ಅವಳು ಏನು ಅಂದಳು, ಅದೇ ಮಾತಿನಲ್ಲಿ ಹೇಳು.’ ‘ಇಲ್ಲಿ ನನಗೆ ಅರ್ಥ ಆಗಲಿಲ್ಲ.’ ಈ ಮೂರು ಮಾತು ಸಾಕು. ಉತ್ತರ ಬರುವವರೆಗೆ ಸುಮ್ನೆ ಕೂತಿರಿ. ಅಂಕದ ಮಾತು, ಪಕ್ಕದ ಮನೆಯ ಮಗುವಿನ ಮಾತು ಆ ಹೊತ್ತಿಗೆ ಬೇಡ. ಶಾಲೆಯ ಟೀಚರುಗಳಿಗೂ ನನ್ನದೊಂದು ಕೋರಿಕೆ. ಬಹುಮಾನ ಬಂದ ಹಳೆಯ ಪ್ರಬಂಧವನ್ನು ಮಾದರಿ ಅಂತ ಬೋರ್ಡಿಗೆ ಬರೆದುಕೊಡಬೇಡಿ. ಓದಲು ಕೊಡಿ, ಮಾತಾಡಿ, ಆಮೇಲೆ ಒಳಗಿಡಿ. ಇಲ್ಲದಿದ್ದರೆ ಮುಂದಿನ ವರ್ಷ ಅದೇ ಅಜ್ಜಿ, ಅದೇ ಎಸ್ಕಲೇಟರ್ ಹದಿನೆಂಟು ಪ್ರತಿಯಲ್ಲಿ ಬರುತ್ತದೆ.

ಮನೆಯಲ್ಲಿ ಕನ್ನಡ ಓದಿಸುವವರು ಇಲ್ಲದಿದ್ದರೆ ಸಂಘಗಳಲ್ಲಿ ಕೇಳಿ. ಕಲೀನಾದಲ್ಲಿ ಮುಂಬೈ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಇದೆ, ವಡಾಲದಲ್ಲಿ ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿಯ ಶಾಲೆ ಇದೆ. ಮಗುವಿನ ಕರಡನ್ನು ಪ್ರೀತಿಯಿಂದ ಓದುವ ಒಬ್ಬರು ಈ ನಗರದಲ್ಲಿ ಖಂಡಿತ ಸಿಗುತ್ತಾರೆ.

ಕಳಿಸುವ ವಾರ

ಪದ ಎಣಿಸಿ. ಶೀರ್ಷಿಕೆ ಲೆಕ್ಕಕ್ಕೆ ಸೇರುತ್ತದಾ ಅಂತ ನಿಯಮದಲ್ಲಿ ನೋಡಿ. ಪ್ರಬಂಧದ ಹಾಳೆಯಲ್ಲಿ ಹೆಸರು ಇರಬಾರದು ಅಂತ ಕೆಲವು ಸ್ಪರ್ಧೆಗಳು ಹೇಳುತ್ತವೆ, ಹೆಸರು ಬರೆದರೆ ನೇರ ತಿರಸ್ಕಾರ. ಮೊದಲೇ ಎಲ್ಲಾದರೂ ಅಚ್ಚಾಗಿದ್ದರೆ ಸೇರಿಸಿಕೊಳ್ಳುವುದಿಲ್ಲ ಎಂಬ ನಿಯಮವೂ ಸಾಮಾನ್ಯ. ಹಾಗಾಗಿ ಫಲಿತಾಂಶ ಬರುವ ಮೊದಲು ಫೇಸ್‌ಬುಕ್‌ಗೆ ಹಾಕಬೇಡಿ, ಸಂಘದ ವಿಶೇಷ ಸಂಚಿಕೆಗೂ ಕೊಡಬೇಡಿ. ಶುಲ್ಕ ಜಾಸ್ತಿ ಕೇಳಿ, ಭಾಗವಹಿಸಿದ ಎಲ್ಲರಿಗೂ ‘ಅಂತಾರಾಷ್ಟ್ರೀಯ’ ಪ್ರಮಾಣಪತ್ರ ಕೊಡುವ ಸ್ಪರ್ಧೆಗಳಿಂದ ದೂರ ಇರಿ. ಅಂಚೆಯಲ್ಲಿ ಕಳಿಸುವುದಾದರೆ ಫೋಟೋ ತೆಗೆದಿಟ್ಟುಕೊಳ್ಳಿ, ಆನ್‌ಲೈನ್ ಆದರೆ ಕೊನೆಯ ದಿನದ ರಾತ್ರಿಗೆ ಕಾಯಬೇಡಿ. ಮಳೆಗಾಲದ ಮುಂಬೈಯಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಒಟ್ಟಿಗೆ ಹೋಗುವ ಸಂಜೆಗಳು ಇವೆ.

ಬಹುಮಾನ ಬರದಿದ್ದರೆ ಪ್ರಬಂಧವನ್ನು ಎಸೆಯಬೇಡಿ. ಆರು ತಿಂಗಳ ನಂತರ ತೆರೆದು, ಬೇರೆ ಪದಮಿತಿಯ ಇನ್ನೊಂದು ಸ್ಪರ್ಧೆಗೆ ಹೊಸದಾಗಿ ಬರೆಯಿರಿ. ಮುಂದೆ ಅಮೆರಿಕದ ಕಾಲೇಜಿಗೆ ಅರ್ಜಿ ಹಾಕುವವರಿದ್ದರೆ ಅಲ್ಲಿಯ ಕಾಮನ್ ಅಪ್ಲಿಕೇಶನ್‌ಗೂ (ಹಲವು ಕಾಲೇಜುಗಳಿಗೆ ಒಂದೇ ಅರ್ಜಿ) 650 ಪದದೊಳಗಿನ ಇಂಥದ್ದೇ ಪ್ರಬಂಧ ಬೇಕು, ಆಗ ಈ ಕರಡು ಕೆಲಸಕ್ಕೆ ಬರುತ್ತದೆ. ಬಹುಮಾನ ಬಂದರೆ, ಪ್ರಬಂಧವನ್ನು ಅಚ್ಚು ಮಾಡಲು ಆಯೋಜಕರು ಒಪ್ಪಿಗೆ ಪತ್ರ ಕಳಿಸುತ್ತಾರೆ. 18 ತುಂಬದವರ ಪರವಾಗಿ ಅಪ್ಪ ಅಥವಾ ಅಮ್ಮ ಸಹಿ ಮಾಡಬೇಕು. ಸಹಿ ಮಾಡುವ ಮೊದಲು ಪೂರ್ತಿ ಓದಿ, ಫೋಟೋ ಮತ್ತು ಶಾಲೆಯ ಹೆಸರು ಹಾಕಬಹುದಾ ಅಂತ ಮಗುವನ್ನೇ ಕೇಳಿ.